ಮೊದಲ ಮಹಡಿಯ ಶವರ್‌ನಲ್ಲಿ ನೀರು ಜಿನುಗುತ್ತದೆ, ತಾರಸಿಯಲ್ಲಿ ಸೋಲಾರ್ ಇದೆ: ಯಾವ ಪ್ರೆಶರ್ ಪಂಪ್ ಹಾಕಿಸಬೇಕು?

ಹೊಸಮನೆ_ಮೈಸೂರು

ಎಲ್ಲರಿಗೂ ನಮಸ್ಕಾರ. 30×40 ಸೈಟಿನ ಮನೆ, ಕೆಳಗೊಂದು ಮೇಲೊಂದು ಮಹಡಿ. ಮೆಟ್ಟಿಲ ಹೆಡ್‌ರೂಮ್ ಮೇಲೆ 1,000 ಲೀಟರಿನ ಟ್ಯಾಂಕ್, ಅದರ ಕೆಳಗೆ ತಾರಸಿಯಲ್ಲಿ 200 ಲೀಟರಿನ ಗಾಜಿನ ಟ್ಯೂಬ್ ಸೋಲಾರ್. ಕಾರ್ಪೊರೇಷನ್ ನೀರು ಸಂಪಿಗೆ ಬೀಳುತ್ತೆ, ಸಾಲದಿದ್ದಾಗ ಬೋರ್ ನೀರು. ಗೀಸರ್ ಬೇರೆ ಇಲ್ಲ, ಮೋಡದ ದಿನಗಳಿಗೆ ಸೋಲಾರ್ ಟ್ಯಾಂಕಿನೊಳಗೇ ಕರೆಂಟ್ ಕಾಯಿಲ್ ಇದೆ.

ಮೇಲಿನ ಬಾತ್‌ರೂಮಿನಲ್ಲಿ ಗೋಡೆಯೊಳಗಿನ ಡೈವರ್ಟರ್ (ಬಿಸಿನೀರು ತಣ್ಣೀರು ಬೆರೆಸಿ ಶವರ್‌ಗೆ ತಿರುಗಿಸೋ ವಾಲ್ವ್), ಎಂಟು ಇಂಚಿನ ರೇನ್ ಶವರ್, ಒಂದು ಹ್ಯಾಂಡ್ ಶವರ್. ರೇನ್ ಶವರ್‌ನಲ್ಲಿ ನೀರು ಮಧ್ಯದ ನಾಲ್ಕೈದು ತೂತಿನಿಂದ ಜಿನುಗುತ್ತೆ ಅಷ್ಟೆ, ತಲೆ ಮೇಲಿನ ಸೋಪು ಹೋಗೋದಿಲ್ಲ. ಬಿಸಿನೀರು ಇನ್ನೂ ಕಡಿಮೆ. ನಮ್ಮ ಅತ್ತೆಯವರಿಗೆ ಮಂಡಿನೋವು, ಬಗ್ಗಿ ಚೊಂಬಿನಲ್ಲಿ ನೀರು ಹೊಯ್ದುಕೊಳ್ಳೋಕೆ ಆಗಲ್ಲ, ಸ್ಟೂಲ್ ಮೇಲೆ ಕೂತು ಹ್ಯಾಂಡ್ ಶವರ್‌ನಲ್ಲೇ ಸ್ನಾನ ಮಾಡಬೇಕು. ಅವರಿಗೋಸ್ಕರವಾದರೂ ಇದನ್ನ ಬೇಗ ಸರಿಮಾಡಿಸಬೇಕು.

ಅಂಗಡಿಯಲ್ಲಿ 1 ಎಚ್‌ಪಿ ಪಂಪ್ ಜೊತೆಗೆ 24 ಲೀಟರ್ ಪ್ರೆಶರ್ ಟ್ಯಾಂಕ್ ಹಾಕಿಸಿ, ಇಡೀ ಮನೆಗೆ ಒಂದೇ ಸಾಕು ಅಂದರು. ಎಲೆಕ್ಟ್ರಿಷಿಯನ್ ಅರ್ಧ ಎಚ್‌ಪಿ ಮಾನೋಬ್ಲಾಕ್ (ಮೋಟಾರು, ಪಂಪು ಒಂದೇ ಆಗಿರೋದು) ಸಾಕು ಅಂತಾರೆ. ಸೋಲಾರ್‌ನವರು ಪಂಪ್ ಕೊಟ್ಟರೆ ಗ್ಯಾರಂಟಿ ಹೋಗುತ್ತೆ ಅಂತಾರೆ, ಯಾಕೆ ಅಂತ ಹೇಳೋದಿಲ್ಲ. ಯಾವುದನ್ನ ತಗೊಳ್ಳಲಿ?

ನೀರಿನದಾರಿ

ಮೇಡಂ, ಸದ್ಯಕ್ಕೆ ಯಾವುದನ್ನೂ ತಗೋಬೇಡಿ. ಮೂರು ಜನ ಮೂರು ಥರ ಹೇಳೋಕೆ ಕಾರಣ, ಯಾರೂ ನಿಮ್ಮ ಮನೆಯ ನೀರನ್ನ ಅಳೆದಿಲ್ಲ. ಒಂದು ಬಕೆಟ್, ಮೊಬೈಲಿನ ಸ್ಟಾಪ್‌ವಾಚ್, ಒಂದು ಟೇಪು ಇದ್ದರೆ ಅರ್ಧ ಗಂಟೆಯ ಕೆಲಸ.

ಟ್ಯಾಂಕಿನ ತಳ ತಾರಸಿಯಿಂದ ಎಷ್ಟು ಎತ್ತರದಲ್ಲಿದೆ, ಶವರ್ ಬಾತ್‌ರೂಮಿನ ನೆಲದಿಂದ ಎಷ್ಟು ಎತ್ತರ, ಇವೆರಡು ಬೇಕು. ಆಮೇಲೆ 10 ಲೀಟರ್ ಗುರುತಿರೋ ಬಕೆಟ್ ಇಟ್ಟು, ತಣ್ಣೀರು ಮಾತ್ರ ಪೂರ್ತಿ ಬಿಟ್ಟು ಶವರ್‌ನಿಂದ ತುಂಬಿಸಿ, ಸಮಯ ಬರೆದುಕೊಳ್ಳಿ. ಮುಂದಿನ ಹೆಜ್ಜೆಯನ್ನ ಯಾರೂ ಮಾಡೋದಿಲ್ಲ, ಆದರೆ ಅದೇ ಮುಖ್ಯ: ಶವರ್ ತಲೆಯನ್ನ ತಿರುಗಿಸಿ ಬಿಚ್ಚಿ, ತಲೆ ಕೂರೋ ಬರೀ ಪೈಪಿನಿಂದ ಅದೇ ಬಕೆಟ್ ತುಂಬಿಸಿ. ಪಾನಾ ಹಾಕೋ ಮುಂಚೆ ಬಟ್ಟೆ ಸುತ್ತಿ, ಕ್ರೋಮ್ ಗೀಚಿಹೋಗುತ್ತೆ. ಕೊನೆಗೆ ತಲೆ ಇಲ್ಲದೆಯೇ ಬಿಸಿನೀರು ಮಾತ್ರ ಬಿಟ್ಟು ಇನ್ನೊಂದು ಸಲ. ಹ್ಯಾಂಡ್ ಶವರ್‌ನದ್ದೂ ಅಳೆಯಿರಿ. ಟ್ಯಾಂಕ್ ಹೆಚ್ಚುಕಡಿಮೆ ತುಂಬಿರುವಾಗ ಎಲ್ಲವನ್ನೂ ಒಂದೇ ಹೊತ್ತಿಗೆ ಮಾಡಿ.

ಹೊಸಮನೆ_ಮೈಸೂರು

ಅಳೆದೆ. ಟ್ಯಾಂಕಿನ ತಳ ತಾರಸಿಯಿಂದ 8 ಅಡಿ. ಶವರ್ ನೆಲದಿಂದ 7 ಅಡಿ. ನೆಲದಿಂದ ತಾರಸಿಗೆ 10 ಅಡಿ.

ತಣ್ಣೀರು, ರೇನ್ ಶವರ್‌ನಿಂದ: 10 ಲೀಟರ್ ತುಂಬೋಕೆ 2 ನಿಮಿಷ 20 ಸೆಕೆಂಡು. ತಲೆ ಬಿಚ್ಚಿದ ಮೇಲೆ ತಣ್ಣೀರು: 45 ಸೆಕೆಂಡು! ತಲೆ ಇಲ್ಲದೆ ಬಿಸಿನೀರು: 1 ನಿಮಿಷ 50 ಸೆಕೆಂಡು. ಹ್ಯಾಂಡ್ ಶವರ್ ತಣ್ಣೀರು: ಒಂದೂವರೆ ನಿಮಿಷ.

ಬಿಚ್ಚಿದ ತಲೆಯ ಒಳಗೆ ಬೆರಳು ಹಾಕಿದರೆ ಬಿಳಿ ಪುಡಿ ಕೈಗೆ ಅಂಟುತ್ತೆ, ನೀರು ಬರೋ ಕೆಲವು ರಬ್ಬರ್ ತೊಟ್ಟುಗಳು ಪೂರ್ತಿ ಕಲ್ಲಾಗಿವೆ. ಕತ್ತಿನ ಹತ್ತಿರ ಒಂದು ಸಣ್ಣ ಪ್ಲಾಸ್ಟಿಕ್ ಬಿಲ್ಲೆ ಇದೆ, ನಡುವೆ ಚಿಕ್ಕ ತೂತು. ಅದೇನು?

ನೀರಿನದಾರಿ

ಇದು ನಿಜವಾದ ಉತ್ತರ ಕೊಡಬಹುದಾದ ಪ್ರಶ್ನೆ ಆಯ್ತು ನೋಡಿ. ಒಂದೊಂದಾಗಿ ಹೇಳ್ತೀನಿ.

ಶವರ್‌ನಿಂದ ತಾರಸಿಗೆ 3 ಅಡಿ, ಅಲ್ಲಿಂದ ಟ್ಯಾಂಕಿನ ತಳಕ್ಕೆ 8 ಅಡಿ, ಟ್ಯಾಂಕಿನೊಳಗಿನ ನೀರು ಒಂದು 2 ಅಡಿ ಅಂತ ಇಟ್ಟುಕೊಳ್ಳಿ. ಒಟ್ಟು 13 ಅಡಿ, ಅಂದರೆ 4 ಮೀಟರ್. ನೀರು 10 ಮೀಟರ್ ಎತ್ತರ ನಿಂತರೆ 1 ಬಾರ್ ಒತ್ತಡ, ಹಾಗಾಗಿ ನಿಮಗಿರೋದು 0.4 ಬಾರ್. ಕೆಳಗಿನ ಮಹಡಿಯಲ್ಲಿ ಇನ್ನೊಂದು 10 ಅಡಿ ಸೇರಿ 0.7. ರೇನ್ ಶವರ್ ತಯಾರಿಸೋರು ಸಾಮಾನ್ಯವಾಗಿ 1 ಬಾರ್ ಮತ್ತು ಮೇಲೆ ಇರುತ್ತೆ ಅಂತ ಲೆಕ್ಕ ಹಾಕಿ ತೂತು ಕೊರೆದಿರ್ತಾರೆ. ಟ್ಯಾಂಕ್ ಎತ್ತರಿಸಿದರೆ ಆಗಲ್ವಾ ಅಂತ ಕೇಳೋರಿದ್ದಾರೆ. ಒಂದು ಅಡಿ ಎತ್ತರಿಸಿದರೆ 0.03 ಬಾರ್ ಸಿಗುತ್ತೆ. ಆ ದುಡ್ಡು ಗಾರೆ ಕೆಲಸಕ್ಕೆ ಸುರಿಯೋದು ಬೇಡ.

ಈಗ ಬಕೆಟ್ ಲೆಕ್ಕ. ತಲೆ ಇಲ್ಲದೆ ನಿಮಿಷಕ್ಕೆ 13 ಲೀಟರ್ ತಣ್ಣೀರು ಬರ್ತಿದೆ, ತಲೆ ಹಾಕಿದರೆ 4 ಚಿಲ್ಲರೆ. ಪೈಪಿನಲ್ಲಿ ನೀರಿದೆ, ತಲೆ ಅದನ್ನ ಹಿಡಿದು ನಿಲ್ಲಿಸಿದೆ. ಆ ಬಿಲ್ಲೆ ಹರಿವು ತಡೆಯೋ ರೆಗ್ಯುಲೇಟರ್, ಒತ್ತಡ ಜಾಸ್ತಿ ಇರೋ ಕಡೆ ನೀರು ಉಳಿಸೋಕೆ ಇಟ್ಟಿರೋದು. ನಿಮ್ಮ 0.4 ಬಾರ್‌ಗೆ ಅದು ಬೇಕಾಗಿಲ್ಲ, ತೆಗೆದಿಡಿ. ಬಿಳಿ ಪುಡಿ ಬೋರ್ ನೀರಿನ ಸುಣ್ಣ. ತಲೆಯನ್ನ ವಿನಿಗರ್‌ನಲ್ಲೋ, ನಿಂಬೆ ಉಪ್ಪು ಕರಗಿಸಿದ ಬೆಚ್ಚಗಿನ ನೀರಿನಲ್ಲೋ ರಾತ್ರಿ ಮುಳುಗಿಸಿಟ್ಟು, ಬೆಳಗ್ಗೆ ಒಂದೊಂದು ತೊಟ್ಟನ್ನೂ ಹೆಬ್ಬೆರಳಿನಿಂದ ತಿಕ್ಕಿ. ಬಾತ್‌ರೂಮ್ ತೊಳೆಯೋ ಆ್ಯಸಿಡ್ ಮಾತ್ರ ಹಾಕಬೇಡಿ, ಕ್ರೋಮೂ ಹೋಗುತ್ತೆ, ರಬ್ಬರೂ ಹೋಗುತ್ತೆ.

ಪಂಪ್ ತಗೊಳ್ಳೋ ಮುಂಚೆಯೇ ಇದನ್ನ ಯಾಕೆ ಮಾಡಬೇಕು ಅಂದರೆ, ತಲೆಯಿಂದ ಬರೋ ನೀರು ಎರಡು ಪಟ್ಟಾಗಬೇಕಾದರೆ ಒತ್ತಡ ನಾಲ್ಕು ಪಟ್ಟಾಗಬೇಕು. ಈಗಿನ ಸುಣ್ಣ ಕಟ್ಟಿದ ತಲೆಯಿಂದ ನಿಮಿಷಕ್ಕೆ 12 ಲೀಟರ್ ಬರಿಸೋಕೆ ಹತ್ತಿರಹತ್ತಿರ 3 ಬಾರ್ ಬೇಕಾಗುತ್ತೆ. ಅಂಗಡಿಯವರ 1 ಎಚ್‌ಪಿ ಪಂಪ್ ಅದನ್ನ ಕೊಟ್ಟೇ ಕೊಡುತ್ತೆ. ಸುಣ್ಣಕ್ಕೋಸ್ಕರ ಜೀವನಪೂರ್ತಿ ದೊಡ್ಡ ಪಂಪ್ ಸಾಕಿದ ಹಾಗಾಗುತ್ತೆ.

ಎರಡನೇ ತೊಂದರೆ ಬಿಸಿನೀರಿನದ್ದು. ಅದೇ ಟ್ಯಾಂಕು, ಅದೇ ಎತ್ತರ, ಅದೇ ಡೈವರ್ಟರ್, ಆದರೂ ತಣ್ಣೀರಿನ ಅರ್ಧಕ್ಕಿಂತ ಕಡಿಮೆ. ದಾರಿಯಲ್ಲಿ ಎಲ್ಲೋ ಕಟ್ಟಿದೆ. ತಾರಸಿಗೆ ಹೋಗಿ, ಟ್ಯಾಂಕಿನಿಂದ ಸೋಲಾರ್‌ಗೆ ತಣ್ಣೀರು ಇಳಿಯೋ ಪೈಪು ಎಷ್ಟು ಇಂಚು, ಅದರಲ್ಲಿ ಏನೇನು ವಾಲ್ವ್ ಇದೆ ನೋಡಿ. ಬಿಸಿನೀರಿನ ಪೈಪನ್ನಲ್ಲ, ಸೋಲಾರ್‌ಗೆ ಬರೋ ತಣ್ಣೀರಿನ ಪೈಪನ್ನ. ಸೋಲಾರ್‌ನಿಂದ ಎಷ್ಟು ಬಿಸಿನೀರು ಹೊರಗೆ ಹೋಗಬೇಕೋ ಅಷ್ಟೇ ತಣ್ಣೀರು ಒಳಗೆ ಬರಬೇಕು.

ಹುಬ್ಬಳ್ಳಿ_ಪೈಪು

ಅಕ್ಕಾರ, ನಾ ಪ್ಲಂಬಿಂಗ್ ಕೆಲಸದಾಂವ. ಸೋಲಾರ್‌ನವರು ಯಾಕ ಬ್ಯಾಡ ಅಂತಾರ ಅನ್ನೋದು ನಾ ಹೇಳ್ತೀನ್ರಿ. ನಿಮ್ಮ ಸೋಲಾರ್‌ನ್ಯಾಗ ಗಾಜಿನ ಟ್ಯೂಬು ಟ್ಯಾಂಕಿಗೆ ಹೆಂಗ ಕೂತಾವ ನೋಡ್ರಿ. ಬರೇ ಒಂದು ಸಿಲಿಕಾನ್ ರಬ್ಬರ್ ರಿಂಗು. ಬೋಲ್ಟು ಇಲ್ಲ, ವೆಲ್ಡಿಂಗ್ ಇಲ್ಲ. ಟ್ಯೂಬಿನ ಬಾಯಿಗೆ ನೀರು ಹಚ್ಚಿ ರಿಂಗಿನ್ಯಾಗ ತಿರುವಿ ಕುಂಡ್ರಸ್ತೀವಿ, ಅಷ್ಟ. ಅದಕ್ಕ ಮ್ಯಾಲ ಗಾಳಿ ಹೋಗೋ ಒಂದು ವೆಂಟ್ ಪೈಪ್ ಬಾಯಿ ತೆರಕೊಂಡು ನಿಂತಿರ್ತೈತಿ. ಈ ಥರದ ಸೋಲಾರ್ ಒತ್ತಡ ತಡಿಯಂಗಿಲ್ರಿ. ಪಂಪ್ ನೀರು ಸೋಲಾರ್ ಒಳಗ ಹೊಕ್ಕರ ಮೊದಲ ವೆಂಟ್‌ನಿಂದ ಕಾರಂಜಿ, ಆಮ್ಯಾಲ ರಿಂಗಿನಿಂದ ಸೋರಿಕಿ.

ಇಡೀ ಮನಿಗೆ ಒಂದು ಪಂಪ್ ಅಂದವರು ಅದನ್ನ ಎಲ್ಲಿ ಕುಂಡ್ರಸ್ತಾರ ಕೇಳ್ರಿ. ಟ್ಯಾಂಕಿನ ಔಟ್‌ಲೆಟ್‌ಗೇ ಕುಂಡ್ರಿಸಿದ್ರ ಸೋಲಾರ್ ಹಾಳು. ಸೋಲಾರ್ ಲೈನ್ ಬಿಟ್ಟು ಬರೇ ತಣ್ಣೀರಿಗೆ ಕುಂಡ್ರಿಸಿದ್ರ ಡೈವರ್ಟರ್ ಒಳಗ ಎರಡೂ ನೀರು ಕೂಡ್ತಾವಲ್ರಿ, ಜೋರಿದ್ದ ತಣ್ಣೀರು ಬಿಸಿನೀರಿನ ಪೈಪಿನ್ಯಾಗ ಹಿಂದಕ್ಕ ಏರಿ ಸೋಲಾರ್ ಟ್ಯಾಂಕಿಗೇ ಹೋಗ್ತೈತಿ. ಬಿಸಿನೀರೂ ಬರಂಗಿಲ್ಲ, ಇದ್ದದ್ದೂ ತಣ್ಣಗಾಗ್ತೈತಿ. ಇಂಥಾ ಮನಿ ಬಾಳ ನೋಡೀನ್ರಿ.

ಹೊಸಮನೆ_ಮೈಸೂರು

ಹುಬ್ಬಳ್ಳಿಯಣ್ಣ, ಈಗ ಅರ್ಥ ಆಯ್ತು, ತುಂಬಾ ಥ್ಯಾಂಕ್ಸ್. ಅಂಗಡಿಯವರನ್ನ ಫೋನ್ ಮಾಡಿ ಕೇಳಿದೆ, ಟ್ಯಾಂಕ್ ಔಟ್‌ಲೆಟ್‌ಗೇ ಅಂದರು.

ಸೋಲಾರ್‌ಗೆ ಬರೋ ಪೈಪು ಅರ್ಧ ಇಂಚು. ಬಾಲ್ ವಾಲ್ವ್ ಒಂದು, ಅದಾದ ಮೇಲೆ ಬಾಣದ ಗುರುತಿರೋ ಹಿತ್ತಾಳೆಯ ಎನ್‌ಆರ್‌ವಿ (ನೀರನ್ನ ಒಂದೇ ಕಡೆಗೆ ಬಿಡೋ ವಾಲ್ವ್). ಒಳಗೆ ಸ್ಪ್ರಿಂಗ್ ಇದೆ.

ನೀರಿನದಾರಿ

ಸ್ಪ್ರಿಂಗ್ ಎನ್‌ಆರ್‌ವಿ ತೆರೆಯೋದಕ್ಕೇ ಒಂದಿಷ್ಟು ಒತ್ತಡ ತಿನ್ನುತ್ತೆ. ಪಂಪ್ ಇರೋ ಲೈನಿನಲ್ಲಿ ಅದು ಗೊತ್ತಾಗಲ್ಲ. ನಿಮ್ಮ ಸೋಲಾರ್ ಟ್ಯಾಂಕಿಗೂ ಮೇಲಿನ ಟ್ಯಾಂಕಿಗೂ ನಡುವೆ ಇರೋದೇ ಒಂದೆರಡು ಅಡಿ ವ್ಯತ್ಯಾಸ, ಅಲ್ಲಿ ಅದು ದೊಡ್ಡ ತಡೆ. ಆ ಪೈಪನ್ನ ಟ್ಯಾಂಕಿನಿಂದ ಸೋಲಾರ್‌ವರೆಗೆ 1 ಇಂಚಿಗೆ ಬದಲಾಯಿಸಿ, ಎನ್‌ಆರ್‌ವಿ ಬೇಕೇಬೇಕಾದರೆ ಸ್ವಿಂಗ್ ಥರದ್ದನ್ನ (ಒಳಗೆ ಬಾಗಿಲಿನ ಹಾಗೆ ತೂಗೋ ಮುಚ್ಚಳ ಇರೋದು) ಅಡ್ಡ ಮಲಗಿಸಿ ಹಾಕಿಸಿ. ಬಿಸಿಲಿಗೆ ಸೀದು ಬಿರುಕಾಗದ ಹಾಗೆ ಪೈಪಿಗೆ ಕವಚ ಇರಲಿ.

ಮುಂದೆ ಪಂಪ್ ಕೂರಿಸೋದಾದರೆ ಇದು ಇನ್ನೂ ಮುಖ್ಯ. ಸೋಲಾರ್ ಟ್ಯಾಂಕಿನಲ್ಲಿ ಬಿಸಿನೀರಿನ ಬಾಯಿ ಮೇಲ್ಭಾಗದಲ್ಲಿರುತ್ತೆ, ಯಾಕಂದರೆ ಬಿಸಿನೀರು ಮೇಲೇ ನಿಲ್ಲುತ್ತೆ. ಪಂಪ್ ಎಳೆಯೋ ವೇಗಕ್ಕೆ ತಣ್ಣೀರು ಒಳಗೆ ಬರದಿದ್ದರೆ ಮಟ್ಟ ನಾಲ್ಕು ಬೆರಳು ಇಳಿದರೂ ಸಾಕು, ಬಾಯಿ ತೆರೆದುಕೊಂಡು ಪಂಪ್ ಗಾಳಿ ಕುಡಿಯುತ್ತೆ. ಟ್ಯಾಂಕಿನಲ್ಲಿ 190 ಲೀಟರ್ ಬಿಸಿನೀರಿದ್ದೂ ನಲ್ಲಿಯಲ್ಲಿ ಬುಸ್ ಬುಸ್ ಅಂತ ಗಾಳಿ ಬರುತ್ತೆ.

ಏಳನೇ_ಕ್ರಾಸ್_ಬೆಂಗಳೂರು

ನಡುವೆ ಬಂದೆ, ಕ್ಷಮಿಸಿ. ನಮ್ಮದು ಬಾಡಿಗೆ ಮನೆ, ಟ್ಯಾಂಕ್ ಚಿಕ್ಕದು. ಜಲಮಂಡಳಿಯ ನೀರು ಬರೋ ಹೊತ್ತಿಗೆ ರಸ್ತೆ ಲೈನಿಗೇ ಈ ಪ್ರೆಶರ್ ಪಂಪ್ (ಬೂಸ್ಟರ್) ಹಾಕಿ ನೇರ ಶವರ್‌ಗೆ ಕೊಡಬಹುದಾ?

ನೀರಿನದಾರಿ

ಬೇಡವೇ ಬೇಡ. ರಸ್ತೆಯ ಕೊಳವೆಯಿಂದ ಮೋಟಾರ್ ಇಟ್ಟು ಎಳೆಯೋದು ಕಾನೂನಿಗೆ ವಿರುದ್ಧ. ಬೆಂಗಳೂರು ಜಲಮಂಡಳಿ 2025ರ ಏಪ್ರಿಲ್‌ನಿಂದ ಇದಕ್ಕೆ 5,000 ರೂಪಾಯಿ ದಂಡ ಹಾಕಿ ಮೋಟಾರ್ ವಶಪಡಿಸಿಕೊಳ್ಳೋಕೆ ಶುರುಮಾಡಿತು. ದಂಡಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನೀವು ಎಳೆದಾಗ ನಿಮ್ಮ ಸಾಲಿನ ಕೊನೆಯ ಮನೆಗೆ ನೀರೇ ಹೋಗಲ್ಲ, ಕೊಳವೆಯಲ್ಲಿ ಎಲ್ಲಾದರೂ ಬಿರುಕಿದ್ದರೆ ಸುತ್ತಲಿನ ಚರಂಡಿ ನೀರು ಒಳಗೆ ಸೇರುತ್ತೆ, ಅದನ್ನ ಕುಡಿಯೋರು ಅಕ್ಕಪಕ್ಕದ ಮಕ್ಕಳು. ಬೂಸ್ಟರ್ ಯಾವಾಗಲೂ ನಿಮ್ಮ ಟ್ಯಾಂಕು ಅಥವಾ ಸಂಪಿನ ಆಚೆಗೇ ಇರಬೇಕು.

ಹೊಸಮನೆ_ಮೈಸೂರು

ಎರಡೂ ಮಾಡಿಸಿದೆ. ತಲೆ ತೊಳೆದು ಬಿಲ್ಲೆ ತೆಗೆದ ಮೇಲೆ ರೇನ್ ಶವರ್‌ನಿಂದ 10 ಲೀಟರ್ ತಣ್ಣೀರಿಗೆ 92 ಸೆಕೆಂಡು. ಸೋಲಾರ್‌ಗೆ 1 ಇಂಚು ಪೈಪ್ ಹಾಕಿದ ಮೇಲೆ ತಲೆ ಇಲ್ಲದೆ ಬಿಸಿನೀರು 1 ನಿಮಿಷ. ಹ್ಯಾಂಡ್ ಶವರ್ ತಲೆಯಲ್ಲೂ ಅದೇ ಥರದ ಬಿಲ್ಲೆ ಇತ್ತು, ತೆಗೆದೆ. ಅತ್ತೆಯವರಿಗೆ ಈಗ ಅದು ಸಾಕಾಗುತ್ತಿದೆ, ನಿನ್ನೆ ಅವರೇ ತಲೆಗೆ ನೀರು ಹಾಕಿಕೊಂಡರು. ಆದರೆ ರೇನ್ ಶವರ್ ಇನ್ನೂ ಮೈತುಂಬಾ ಬೀಳೋದಿಲ್ಲ. ಈಗ ಪಂಪ್ ಬೇಕಾ ಬೇಡವಾ?

ನೀರಿನದಾರಿ

ಹ್ಯಾಂಡ್ ಶವರ್‌ಗಾದರೆ ಬೇಡ. ರೇನ್ ಶವರ್‌ಗೆ ಎರಡು ದಾರಿ. ನಾಲ್ಕು ಇಂಚಿನ, ಕಡಿಮೆ ಒತ್ತಡಕ್ಕೆಂದೇ ಮಾಡಿರೋ ತಲೆ ಹಾಕಿ ಇಷ್ಟಕ್ಕೇ ನಿಲ್ಲಿಸಬಹುದು. ನನ್ನ ಕೇಳಿದರೆ ಅದೇ ಒಳ್ಳೇದು, ಕರೆಂಟ್ ಹೋದರೂ ನಡೆಯುತ್ತೆ, ರಿಪೇರಿ ಇಲ್ಲ. ಎಂಟು ಇಂಚಿನದ್ದೇ ಬೇಕು ಅಂದರೆ ಪಂಪ್ ಬೇಕು, ಆದರೆ ಈಗ ಬೇಕಾಗಿರೋದು ಚಿಕ್ಕದು. ತೊಳೆದ ತಲೆಗೆ ನಿಮಿಷಕ್ಕೆ 12 ಲೀಟರ್ ಕೊಡೋಕೆ ಸುಮಾರು 1 ಬಾರ್ ಸಾಕು. ಪೈಪು ಮತ್ತು ಡೈವರ್ಟರ್‌ನಲ್ಲಿ ಹೋಗೋದು 0.2 ಅಂತ ಸೇರಿಸಿ, ನಿಮ್ಮಲ್ಲಿರೋ 0.4 ಕಳೆಯಿರಿ. ಪಂಪ್ ಕೊಡಬೇಕಾದ್ದು 0.8 ಬಾರ್, ಅಂದರೆ 8 ಮೀಟರ್ ಹೆಡ್ (ಪಂಪ್ ನೀರನ್ನ ತಳ್ಳೋ ಎತ್ತರ).

ಹೊಸಮನೆ_ಮೈಸೂರು

ಮನೆಯಲ್ಲಿ ಎಲ್ಲರಿಗೂ ಎಂಟು ಇಂಚಿನದ್ದೇ ಬೇಕಂತೆ. ಪಂಪ್‌ನ ವಿವರ ಹೇಳಿ ಸರ್. ಡಬ್ಬಿ ಮೇಲೆ ಬರೆದಿರೋದರಲ್ಲಿ ಏನು ನೋಡಬೇಕು?

ನೀರಿನದಾರಿ

ಸರಿ, ಹಾಗಾದರೆ ಒಂದಲ್ಲ, ಎರಡು. ತಣ್ಣೀರಿನ ಲೈನಿಗೆ ಒಂದು, ಸೋಲಾರ್‌ನಿಂದ ಹೊರಬರೋ ಬಿಸಿನೀರಿನ ಲೈನಿಗೆ ಒಂದು, ಎರಡೂ ಒಂದೇ ಕಂಪನಿಯ ಒಂದೇ ಮಾಡೆಲ್. ಹೀಗಿದ್ದರೆ ಡೈವರ್ಟರ್‌ಗೆ ಎರಡೂ ಕಡೆಯಿಂದ ಸಮ ಒತ್ತಡ ಬರುತ್ತೆ, ಸೋಲಾರ್ ಟ್ಯಾಂಕಿನ ಒಳಗೆ ಒತ್ತಡವೇ ಹೋಗಲ್ಲ, ಯಾಕಂದರೆ ಪಂಪ್ ಇರೋದು ಅದರ ಆಚೆಗೆ. ಸೋಲಾರ್‌ಗೆ ತಣ್ಣೀರು ಕೊಡೋ ಪೈಪು ತಣ್ಣೀರು ಪಂಪ್‌ಗಿಂತ ಮುಂಚೆಯೇ ಬೇರೆಯಾಗಿ ಹೋಗಿರಬೇಕು, ಇದನ್ನ ಪ್ಲಂಬರ್‌ಗೆ ಗೋಡೆ ಮೇಲೆ ಚಿತ್ರ ಬರೆದೇ ತೋರಿಸಿ.

ಎರಡಿರೋದರಿಂದ ಇನ್ನೊಂದು ಅನುಕೂಲ. 12 ಲೀಟರ್‌ನಲ್ಲಿ ಒಂದೊಂದೂ ಕೊಡೋದು ಆರಾರು ಲೀಟರ್. ಡಬ್ಬಿ ಮೇಲೆ ಗರಿಷ್ಠ ಹೆಡ್ 10 ಮೀಟರ್, ಗರಿಷ್ಠ ಹರಿವು ನಿಮಿಷಕ್ಕೆ 25 ಲೀಟರ್ ಅಂತ ಇರುತ್ತೆ. ಜನ ಎರಡೂ ಒಟ್ಟಿಗೆ ಸಿಗುತ್ತೆ ಅಂದುಕೊಳ್ತಾರೆ. ಹಾಗಿಲ್ಲ. ಹೆಡ್ 10 ಮೀಟರ್ ಇರೋದು ನೀರು ಒಂದು ಹನಿಯೂ ಹರಿಯದಾಗ, ಹರಿವು 25 ಲೀಟರ್ ಇರೋದು ಎತ್ತರ ಸೊನ್ನೆ ಇದ್ದಾಗ. ನಡುವೆ ಏನು ಅನ್ನೋದು ಡಬ್ಬಿಯೊಳಗಿನ ಕಾಗದದ ಗೆರೆಯಲ್ಲಿದೆ. ಆ ಗೆರೆಯಲ್ಲಿ 6 ಲೀಟರ್‌ಗೆ ನೇರ ಮೇಲೆ ಹೋದರೆ 8 ಮೀಟರ್ ಹತ್ತಿರ ಇರಬೇಕು. ಗರಿಷ್ಠ ಹೆಡ್ 10ರಿಂದ 12 ಮೀಟರ್ ಇರೋದನ್ನ ಹುಡುಕಿ. ಇವು ಪೈಪಿನ ಸಾಲಿನಲ್ಲೇ ಕೂರೋ ಪುಟ್ಟ ಇನ್‌ಲೈನ್ ಬೂಸ್ಟರ್‌ಗಳು, 120ರಿಂದ 250 ವ್ಯಾಟ್ ಒಳಗೆ. ಎರಡೂ ಸೇರಿ 300 ವ್ಯಾಟ್ ಎಳೆದರೂ ಹತ್ತು ನಿಮಿಷದ ಸ್ನಾನಕ್ಕೆ ಒಂದು ಯೂನಿಟ್‌ನ ಇಪ್ಪತ್ತನೇ ಒಂದು ಭಾಗ.

ಬಿಸಿನೀರಿನ ತಾಪಮಾನದ ವಿಷಯದಲ್ಲಿ ರಾಜಿ ಬೇಡ. ಬೇಸಿಗೆಯಲ್ಲಿ ಗಾಜಿನ ಟ್ಯೂಬಿನ ಸೋಲಾರ್ 80 ಡಿಗ್ರಿ ದಾಟಬಹುದು. ತಣ್ಣೀರಿನ ಪಂಪ್‌ಗಳಲ್ಲಿ 40, 60 ಅಂತ ಬರೆದಿರುತ್ತೆ, ಅದನ್ನ ಬಿಸಿನೀರಿಗೆ ಹಾಕಿದರೆ ಒಳಗಿನ ಸೀಲು, ನೀರು ತಳ್ಳೋ ಪ್ಲಾಸ್ಟಿಕ್ ಚಕ್ರ (ಇಂಪೆಲರ್) ಉಳಿಯಲ್ಲ. ಬಿಸಿನೀರಿಗೆ ಒಪ್ಪುವ ಮಾಡೆಲನ್ನೇ ಎರಡೂ ಕಡೆ ಹಾಕಿ.

ಅರ್ಧ ಎಚ್‌ಪಿ ಮಾನೋಬ್ಲಾಕ್ ಯಾಕೆ ಬೇಡ ಅಂತಲೂ ಹೇಳಿಬಿಡ್ತೀನಿ. ಅದು ಸಂಪಿನಿಂದ ಮೇಲಕ್ಕೆ ಎತ್ತೋಕೆ ಹೇಳಿಮಾಡಿಸಿದ್ದು, 30 ಮೀಟರ್ ತಳ್ಳುತ್ತೆ, ಕೂಗುತ್ತೆ. ಒಳಗಿನ ಸಂದು ತೀರಾ ಕಿರಿದು, ಸುಣ್ಣದ ಚೂರು ಸಿಕ್ಕಿಕೊಂಡರೆ ನಿಂತುಹೋಗುತ್ತೆ. ನಿಂತಾಗ ನೀರನ್ನ ಸರಾಗವಾಗಿ ದಾಟಿಸೋದೂ ಇಲ್ಲ. 3 ಬಾರ್ ಬಂದರೆ ಸಿಪಿವಿಸಿ ಪೈಪ್ ತಡೆದುಕೊಳ್ಳುತ್ತೆ, ಸೋರೋದು ಕಮೋಡಿನ ಫ್ಲೋಟ್ ವಾಲ್ವು, ವಾಶ್‌ಬೇಸಿನ್ ಕೆಳಗಿನ ಬಾಗೋ ಬಳ್ಳಿಪೈಪು, ಹಳೆಯ ನಲ್ಲಿಗಳು.

ಹುಬ್ಬಳ್ಳಿ_ಪೈಪು

ಕುಂಡ್ರಸೂದು ನಾ ಹೇಳ್ತೀನ್ರಿ. ಈ ಸಣ್ಣ ಪಂಪ್ ಒಳಗ ಮೋಟಾರಿನ ಬೇರಿಂಗ್ ನೀರಿನ್ಯಾಗ ಮುಳುಗಿ ತಿರಗ್ತೈತಿ, ಅದಕ್ಕ ಎಣ್ಣಿ ಗಿಣ್ಣಿ ಬ್ಯಾಡ. ಆದರ ಮೋಟಾರಿನ ಶಾಫ್ಟು (ಒಳಗ ತಿರಗೋ ಕಡ್ಡಿ) ಅಡ್ಡ ಮಲಗಿರಬೇಕ್ರಿ. ಪೈಪ್ ಉದ್ದಕ್ಕ ಇರಲಿ ಅಡ್ಡ ಇರಲಿ, ಶಾಫ್ಟು ಮಾತ್ರ ನೆಲಕ್ಕ ಸಮ. ನೆಟ್ಟಗ ನಿಲ್ಲಿಸಿದ್ರ ಮ್ಯಾಲಿನ ಬೇರಿಂಗ್‌ಗೆ ಗಾಳಿ ಸಿಕ್ಕಿ ಒಣಗಿ ಹೋಗ್ತೈತಿ. ಬಾಣ ನೀರು ಹರಿಯೋ ಕಡೆ ನೋಡಬೇಕು. ಪಂಪ್‌ಗಿಂತ ಮೊದಲ ಒಂದು ಜಾಳಗಿ ಫಿಲ್ಟರ್, ಎರಡೂ ಕಡೆ ಯೂನಿಯನ್ (ಬಿಚ್ಚಾಕ ಬರೋ ಜೋಡಣಿ) ಮತ್ತ ವಾಲ್ವ್. ಬಿಚ್ಚೂಮುಂದ ಟ್ಯಾಂಕ್ ಖಾಲಿ ಮಾಡೂದು ತಪ್ಪತೈತಿ. ಬಿಸಿನೀರಿನ ಪಂಪ್ ಆದಮ್ಯಾಲ ಒಂದು ಎನ್‌ಆರ್‌ವಿ ಹಾಕ್ರಿ. ಪಂಪ್ ಜೋರು ಇರೋದ್ರಿಂದ ಅಲ್ಲಿ ಅದು ಅಡ್ಡಿ ಆಗಂಗಿಲ್ಲ, ತಣ್ಣೀರು ಹಿಂದಕ್ಕ ಹೋಗೂದು ನಿಲ್ತೈತಿ.

ತಾರಸಿ ಮ್ಯಾಲ ಇಡೂದಾದ್ರ ಮಳಿ ಹೊಡಿಯಬಾರದು, ಗಾಳಿ ಆಡಬೇಕು, ಮ್ಯಾಲ ಒಂದು ತಗಡಿನ ಗೂಡು ಸಾಕು. ಅರ್ಥಿಂಗ್ ಇಲ್ದ ಚಾಲೂ ಮಾಡಬ್ಯಾಡ್ರಿ ಅಕ್ಕಾರ. ನೀರಿನ್ಯಾಗ ನಿಂತ ಮನಷಾಗ ಕರೆಂಟು ಹೊಡೀತಂದ್ರ ಉಳಿಯೂದು ಕಷ್ಟ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದ್ರ ತಾನ ಆಫ್ ಆಗೋ ಸ್ವಿಚ್) ಈ ಲೈನಿಗೆ ಐತಿ ಇಲ್ಲೋ ನೋಡ್ರಿ, ಇಲ್ಲಂದ್ರ ಮೊದಲ ಅದು, ಆಮ್ಯಾಲ ಪಂಪು.

ಹೊಸಮನೆ_ಮೈಸೂರು

ಹೇಳಿದ ಹಾಗೇ ಎರಡು ಕೂರಿಸಿದೆ, ಆರ್‌ಸಿಸಿಬಿಯೂ ಹಾಕಿಸಿದೆ. ಬರೀ ತಣ್ಣೀರು ಬಿಟ್ಟರೆ ಶವರ್ ಅದ್ಭುತ. ಬರೀ ಬಿಸಿನೀರು ಬಿಟ್ಟರೂ ಪಂಪ್ ಓಡುತ್ತೆ. ಹಿಡಿಯನ್ನ ಮಧ್ಯಕ್ಕೆ ತಂದು ಒಟ್ಟಿಗೆ ಬಿಟ್ಟರೆ ತೊಂದರೆ: ತಣ್ಣೀರಿನ ಪಂಪ್ ಗುಂಯ್ ಅಂತ ಶುರುವಾಗುತ್ತೆ, ಬಿಸಿನೀರಿನದ್ದು ಸುಮ್ಮನೆ ಇರುತ್ತೆ, ಸ್ವಲ್ಪ ಹೊತ್ತಿಗೆ ನೀರು ಪೂರ್ತಿ ತಣ್ಣಗೆ. ಪಂಪ್‌ಗಳು ಆಟೋದಲ್ಲಿವೆ. ಪಂಪ್ ಕೆಟ್ಟಿದೆಯಾ?

ನೀರಿನದಾರಿ

ಕೆಟ್ಟಿಲ್ಲ. ಆಟೋದಲ್ಲಿದ್ದಾಗ ಪಂಪ್ ತಾನಾಗಿ ಶುರುವಾಗಲ್ಲ, ನೀರು ಮೊದಲು ತಾನೇ ಹರಿಯಬೇಕು. ಒಳಗಿನ ಫ್ಲೋ ಸ್ವಿಚ್‌ಗೆ ನಿಮಿಷಕ್ಕೆ ಒಂದೂವರೆ ಎರಡು ಲೀಟರ್ ಹರಿವು ತಟ್ಟಿದರೆ ಮಾತ್ರ ಅದು ಮೋಟಾರನ್ನ ಎಬ್ಬಿಸುತ್ತೆ. ಮಧ್ಯಕ್ಕೆ ತಿರುಗಿಸಿದಾಗ ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪ ಬರೋಕೆ ಶುರುವಾಗಿ, ತಣ್ಣೀರು ಒಂದು ಕ್ಷಣ ಮೊದಲು ಆ ಗಡಿ ದಾಟುತ್ತೆ. ಅದರ ಪಂಪ್ ಓಡಿತು ಅಂದರೆ ಡೈವರ್ಟರ್‌ನಲ್ಲಿ ಒತ್ತಡ ಏರಿ, ಬರೀ ಎತ್ತರದ ಬಲದಲ್ಲಿ ಬರ್ತಿದ್ದ ಬಿಸಿನೀರು ಅಲ್ಲೇ ನಿಲ್ಲುತ್ತೆ. ಹರಿವಿಲ್ಲ, ಹಾಗಾಗಿ ಬಿಸಿನೀರಿನ ಪಂಪ್ ಏಳೋದೇ ಇಲ್ಲ. ಹುಬ್ಬಳ್ಳಿಯವರ ಎನ್‌ಆರ್‌ವಿ ಇರೋದರಿಂದ ಸೋಲಾರ್‌ಗೆ ತಣ್ಣೀರು ಹೋಗದೆ ಉಳಿದಿದೆ.

ಈ ಕ್ಷಣಕ್ಕೆ ಹೀಗೆ ಮಾಡಿ ನೋಡಿ: ಹಿಡಿಯನ್ನ ಮೊದಲು ಪೂರ್ತಿ ಬಿಸಿ ಕಡೆಗಿಟ್ಟು ಬಿಡಿ, ಅದರಡಿ ಯಾರೂ ನಿಲ್ಲೋದು ಬೇಡ. ಬಿಸಿನೀರಿನ ಪಂಪ್ ಸದ್ದು ಕೇಳಿದ ಮೇಲೆ ನಿಧಾನ ಮಧ್ಯಕ್ಕೆ ತನ್ನಿ. ಎರಡೂ ಓಡುತ್ತವೆ.

ಆದರೆ ವಯಸ್ಸಾದವರು ಇರೋ ಮನೆಯಲ್ಲಿ ದಿನಾ ಹೀಗೆ ಮಾಡಿ ಅನ್ನೋಕೆ ನನಗೆ ಮನಸ್ಸಿಲ್ಲ. 70 ಡಿಗ್ರಿ ನೀರು ಒಂದು ಕ್ಷಣ ಬಿದ್ದರೂ ಚರ್ಮ ಸುಡುತ್ತೆ. ಪಂಪ್ ಮೇಲೆ ಆಫ್, ಆಟೋ, ಮ್ಯಾನುಯಲ್ ಅಂತ ಮೂರು ಸ್ಥಾನ ಇರುತ್ತೆ. ಎರಡನ್ನೂ ಮ್ಯಾನುಯಲ್‌ಗೆ ಇಟ್ಟು, ಎರಡರ ಕರೆಂಟನ್ನೂ ಬಾತ್‌ರೂಮ್ ಬಾಗಿಲ ಹೊರಗಿನ ಒಂದೇ ಸ್ವಿಚ್‌ಗೆ, ಒಂದೇ ಎಂಸಿಬಿಗೆ ತನ್ನಿ. ಒಟ್ಟಿಗೆ ಏಳುತ್ತವೆ, ಒಟ್ಟಿಗೆ ನಿಲ್ಲುತ್ತವೆ. ಕರೆಂಟ್ ಹೋದರೂ ಎರಡೂ ಒಟ್ಟಿಗೇ ನಿಲ್ಲೋದರಿಂದ ನೀರು ಸಣ್ಣಗಾಗುತ್ತೆ ಹೊರತು, ತಣ್ಣೀರು ನಿಂತು ಬರೀ ಬಿಸಿ ಸುರಿಯೋದಿಲ್ಲ. ನಲ್ಲಿ ಮುಚ್ಚಿದ ಮೇಲೂ ಮ್ಯಾನುಯಲ್‌ನಲ್ಲಿ ಪಂಪ್ ತಿರುಗುತ್ತಲೇ ಇದ್ದರೆ ಒಳಗಿನ ನೀರು ಕಾದು ಪಂಪ್ ಹಾಳಾಗುತ್ತೆ, ಅದಕ್ಕೆ 20 ನಿಮಿಷಕ್ಕೆ ತಾನೇ ಆಫ್ ಆಗೋ ಟೈಮರ್ ಸ್ವಿಚ್ ಹಾಕಿಸಿ.

ಹೊಸಮನೆ_ಮೈಸೂರು

ಟೈಮರ್ ಸ್ವಿಚ್ ಹಾಕಿಸಿದೆ. ಈಗ ಮಧ್ಯಕ್ಕಿಟ್ಟರೂ ನೀರು ಹದವಾಗಿ, ಒಂದೇ ಸಮ ಬರುತ್ತಿದೆ. 10 ಲೀಟರ್ ಬಕೆಟ್ 48 ಸೆಕೆಂಡಿಗೆ ತುಂಬಿತು. ಪಕ್ಕದ ರೂಮಿಗೆ ಪಂಪ್ ಸದ್ದೇ ಕೇಳಲ್ಲ. ಅತ್ತೆಯವರು ಸ್ವಿಚ್ ಹಾಕದೆ ಹ್ಯಾಂಡ್ ಶವರ್‌ನಲ್ಲೇ ಮಾಡ್ತಾರೆ, ನೀರು ಪಂಪ್ ಒಳಗಿಂದ ಹಾಗೇ ದಾಟಿ ಬರುತ್ತೆ, ಅದೂ ಸರಿಯಿದೆ. ಇಬ್ಬರಿಗೂ ತುಂಬಾ ತುಂಬಾ ಧನ್ಯವಾದ.

ಕರಾವಳಿ_ಮನೆ

ನಮ್ಮಲ್ಲಿ ಸೋಲಾರ್ ಇಲ್ಲ, 15 ಲೀಟರ್ ಗೀಸರ್ ಮಾತ್ರ. ನಮಗೂ ಎರಡು ಪಂಪ್ ಬೇಕಾಗ್ತದಾ?

ನೀರಿನದಾರಿ

ಬೇಡ, ಒಂದೇ ಸಾಕು. ಬಾತ್‌ರೂಮಿಗೆ ಬರೋ ಲೈನು ಗೀಸರ್‌ಗೆ ಒಂದು ಕವಲು, ಶವರ್‌ಗೆ ಒಂದು ಕವಲು ಆಗೋಕೆ ಮುಂಚೆ ಪಂಪ್ ಕೂರಿಸಿ, ಎರಡೂ ಕಡೆ ತಾನಾಗಿ ಸಮ ಆಗುತ್ತೆ. ಹೀಗಿದ್ದಾಗ ಪಂಪ್‌ನಲ್ಲಿ ಹೋಗೋದು ತಣ್ಣೀರು ಮಾತ್ರ, ಬಿಸಿನೀರಿನ ಮಾಡೆಲ್ ಬೇಕಿಲ್ಲ, ಆಟೋದಲ್ಲೇ ಇಡಬಹುದು. ಆದರೆ ಪೂರ್ತಿ 12 ಲೀಟರೂ ಅದೊಂದೇ ಪಂಪ್‌ನಿಂದ ಬರಬೇಕು, ಹಾಗಾಗಿ ಗೆರೆಯಲ್ಲಿ 6 ಲೀಟರ್ ಬದಲು 12 ಲೀಟರ್‌ಗೆ ಎಷ್ಟು ಮೀಟರ್ ಅಂತ ನೋಡಿ. ಗೀಸರ್‌ನ ತಗಡಿನ ಮೇಲೆ ಎಷ್ಟು ಬಾರ್ ತಡೆಯುತ್ತೆ ಅಂತ ಬರೆದಿರುತ್ತೆ, ಬಹುಮಹಡಿಗೆ ಅಂತ ಮಾಡಿದವು 8 ಬಾರ್ ಇರುತ್ತವೆ, ಈ ಚಿಕ್ಕ ಪಂಪ್ ಅದರ ಹತ್ತಿರಕ್ಕೂ ಹೋಗಲ್ಲ. ಗೀಸರ್‌ನ ಸೇಫ್ಟಿ ವಾಲ್ವ್ ಹಿಡಿಯನ್ನ ಒಮ್ಮೆ ಎತ್ತಿ ನೋಡಿ, ನೀರು ಬಂದು ಮತ್ತೆ ನಿಲ್ಲಬೇಕು. ಸುಣ್ಣ ಕಟ್ಟಿ ಅಲುಗಾಡದಿದ್ದರೆ ಪಂಪ್ ಕೂರಿಸೋ ಮುಂಚೆ ಅದನ್ನ ಬದಲಾಯಿಸಿ.

ಮತ್ತೆ, ಬಕೆಟ್ ಲೆಕ್ಕ ನೀವಿನ್ನೂ ಹೇಳಿಲ್ಲ. ಶವರ್ ತಲೆ ಬಿಚ್ಚಿ ಅಳೆದು ಬರೆಯಿರಿ, ಆಮೇಲೆ ಯಾವ ಪಂಪ್ ಅಂತ ನೋಡೋಣ.